ಕಿವಿಗೆ ಕೇಳದ ಬಾವಲಿ ಕೂಗು ಹಿಡಿಯುವುದು ಹೇಗೆ?

ಬೆಳಗಾವಿಯ ಕೋಟೆ ಕೆರೆ ದಂಡೆಗೆ ಹೊತ್ತು ಮುಳುಗಿದ ಮೇಲೆ ಹೋಗಿ ನಿಲ್ಲಿ. ಹುಳ ಹಿಡಿಯುವ ಸಣ್ಣ ಬಾವಲಿಗಳು ತಲೆ ಮೇಲೆ ಸುಳಿಯುತ್ತವೆ. ಸದ್ದೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಅವು ಕಿರುಚುತ್ತಲೇ ಇರುತ್ತವೆ, ಅದರ ಪ್ರತಿಧ್ವನಿ ಕೇಳಿಯೇ ಹುಳ ಹುಡುಕುತ್ತವೆ. ನಮ್ಮ ಕಿವಿ 20 ಕಿಲೋಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 20,000 ಕಂಪನಕ್ಕೆ ಸುಸ್ತು. ಅವುಗಳ ಕೂಗು ಹೆಚ್ಚಾಗಿ ಅದಕ್ಕಿಂತ ಮೇಲೆ. ಮರಕ್ಕೆ ಜೋತುಬೀಳುವ ದೊಡ್ಡ ತೊಗಲುಬಾವಲಿಯನ್ನು ಬಿಡಿ, ಅದು ಕಣ್ಣು, ಮೂಗು ನಂಬಿ ಹಾರುತ್ತದೆ.

ಮೊದಲು ಮೈಕ್. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ದನಿ ಅಳೆಯುತ್ತದೆ. ಅದರ ಅರ್ಧದವರೆಗೆ, ಅಂದರೆ 24 ಕಿಲೋಹರ್ಟ್ಜ್‌ವರೆಗಿನ ದನಿ ಮಾತ್ರ ಅದಕ್ಕೆ ಸಿಗುತ್ತದೆ. ಹಾಗಾಗಿ ಆಡಿಯೋಮಾತ್‌ನಂಥ ಪುಟ್ಟ ರೆಕಾರ್ಡರ್ ಬೇಕು. ಅದನ್ನು 250 ಕಿಲೋಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 2,50,000 ಸಲ ದನಿ ಅಳೆಯುವಂತೆ ಇಡಿ. ಗಂಟೆಗೆ ಸುಮಾರು 1.8 ಜಿಬಿ ತುಂಬುತ್ತದೆ, ದೊಡ್ಡ ಮೆಮೊರಿ ಕಾರ್ಡ್ ಹಾಕಿ. ಫೈಲ್ ವೇವ್ (WAV) ರೂಪದಲ್ಲೇ ಇರಲಿ. ಎಂಪಿ3 ಮಾಡಿದಿರೋ, ಬಾವಲಿ ಕೂಗೇ ಕತ್ತರಿಸಿ ಹೋಯಿತು.

ಸೂರ್ಯ ಮುಳುಗಿದ ನಂತರದ ಒಂದು ಗಂಟೆ ಸಾಕು. ಜೀರುಂಡೆ ಕೂಗುವ ಪೊದೆಯಿಂದ ದೂರ ಇಡಿ.

ಈಗ ಕಂಪ್ಯೂಟರ್. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ದನಿ ತಂತ್ರಾಂಶದಲ್ಲಿ ಫೈಲ್ ತೆರೆದು ಸ್ಪೆಕ್ಟ್ರೋಗ್ರಾಂ ನೋಟ, ಅಂದರೆ ದನಿಯ ಏರಿಳಿತವನ್ನು ಚಿತ್ರವಾಗಿ ತೋರಿಸುವ ನೋಟ ಆರಿಸಿ. ನಾನು ಇಲ್ಲೇ ಎಡವಿದ್ದು. ಪರದೆ ಖಾಲಿ. ಬ್ಯಾಟರಿಯನ್ನು ಬೈದೆ, ಕಾರ್ಡ್ ಬದಲಿಸಿದೆ. ಆಮೇಲೆ ಗೊತ್ತಾಯಿತು, ಆ ನೋಟ ಕೆಳಗಿನ ದನಿಗಳನ್ನಷ್ಟೇ ತೋರಿಸುತ್ತಿತ್ತು! ಸೆಟಿಂಗ್ಸ್‌ನಲ್ಲಿ ಗರಿಷ್ಠ ಫ್ರೀಕ್ವೆನ್ಸಿಯನ್ನು 1,25,000 ಮಾಡಿದೆ. ಗೆರೆಗಳು ಸಾಲಾಗಿ ಎದ್ದುಬಂದವು.

ಕೇಳಬೇಕಾ? ಆಡಾಸಿಟಿಯಲ್ಲಿ ಟ್ರ್ಯಾಕ್‌ನ ರೇಟ್ 2,50,000 ಇರುವುದನ್ನು 25,000 ಮಾಡಿ. ದನಿ ಹತ್ತು ಪಟ್ಟು ನಿಧಾನವಾಗಿ, ಹತ್ತು ಪಟ್ಟು ಕೆಳಗಿಳಿಯುತ್ತದೆ. 45 ಕಿಲೋಹರ್ಟ್ಜ್ ಕೂಗು 4.5ಕ್ಕೆ ಬರುತ್ತದೆ. ಚಿಕ್... ಚಿಕ್... ಅನ್ನುತ್ತಿದ್ದದ್ದು ಒಮ್ಮೆಲೇ ಟರ್‍ರ್ ಅಂದರೆ, ಬಾವಲಿ ಹುಳದ ಮೇಲೆ ಬಿತ್ತು ಅಂತ ಅರ್ಥ. ಹುಳ ಹತ್ತಿರವಾದಷ್ಟೂ ಅದು ಬೇಗ ಬೇಗ ಕೂಗಿ ಪ್ರತಿಧ್ವನಿ ಕೇಳುತ್ತದೆ. ಸುಮ್ನೆ ಇದನ್ನೇ ಕೇಳುತ್ತ ಕೂತರೂ ರಾತ್ರಿ ಕಳೆಯುತ್ತದೆ.

ಗೆರೆಯ ಆಕಾರವೂ ನೋಡಿ. ಮೇಲಿಂದ ಸರ್‍ರನೆ ಇಳಿದು ತುದಿಯಲ್ಲಿ ಕುಡುಗೋಲಿನಂತೆ ಬಾಗಿದರೆ ಪಿಪಿಸ್ಟ್ರೆಲ್ ಎಂಬ ಸಣ್ಣ ಬಾವಲಿಗಳ ಗುಂಪಿನದಿರಬಹುದು. ಉದ್ದಕ್ಕೆ ಮಟ್ಟಸವಾಗಿದ್ದರೆ ಕುದುರೆಲಾಳ ಮೂಗಿನ ಬಾವಲಿ ಇದ್ದೀತು. ಜಾತಿ ಹೇಳುವ ತಂತ್ರಾಂಶಗಳನ್ನು ಜಾಸ್ತಿ ನಂಬಬೇಡಿ. ಅವುಗಳಲ್ಲಿ ಬಹಳಷ್ಟು ಯುರೋಪು, ಅಮೆರಿಕದ ಬಾವಲಿಗಳ ಕೂಗಿನಿಂದ ಪಾಠ ಕಲಿತವು.

ಖಾನಾಪುರ ತಾಲ್ಲೂಕಿನ ತಳೇವಾಡಿ ಬಳಿಯ ಬಾರಾಪೇಡೆ ಗುಹೆಯ ರಾಟನ್ಸ್ ಬಾವಲಿ ಹೆಸರು ಕೇಳಿ ಹೊರಡಲು ಮನಸ್ಸಾಗಬಹುದು. ಅದರ ಕೂಗು ಇಷ್ಟು ಮೇಲಿನದಲ್ಲ, ನಮ್ಮ ಕಿವಿಗೂ ಸಿಗುವಷ್ಟು ಕೆಳಗಿದೆ. ಆದರೆ ಅದು ಅಪರೂಪದ ಜೀವಿ, ಗುಹೆ ಇರುವುದು ಭೀಮಗಡ ಅಭಯಾರಣ್ಯದಲ್ಲಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಕೆರೆ ದಂಡೆಯಲ್ಲೇ ಶುರು ಮಾಡಿ. ಪ್ರತಿ ಫೈಲಿಗೂ ತಾರೀಖು, ಹೊತ್ತು, ಜಾಗದ ಹೆಸರು ಹಾಕಿಟ್ಟುಕೊಳ್ಳಿ. ಇಲ್ಲದಿದ್ದರೆ ತಿಂಗಳ ನಂತರ ಯಾವುದು ಎಲ್ಲಿಯದೆಂದು ನಿಮಗೇ ತಿಳಿಯುವುದಿಲ್ಲ.