ಚಟ್ಟಿಯ ಮಲ್ಲಿಗೆಗೆ ಎರೆಗೊಬ್ಬರ: ಮಳೆಗಾಲ ದಾಟಿಸಿದ ನನ್ನ ಅನುಭವ

“ಎರೆಗೊಬ್ಬರ ಹಾಕಿದರೆ ಸೊಪ್ಪು ಬಂದೀತು, ಮೊಗ್ಗು ಬಾರದು” ಎಂಬ ಮಾತನ್ನು ಉಡುಪಿ ಬಳಿಯ ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆಯುವ ಹಿರಿಯರಿಂದ ನಾನು ವರ್ಷಗಟ್ಟಲೆ ಕೇಳಿದ್ದೇನೆ. ಹಟ್ಟಿಗೊಬ್ಬರ, ಸುಡುಮಣ್ಣು ಮತ್ತು ನೆಲಗಡಲೆ ಹಿಂಡಿ, ಈ ಮೂರಿಲ್ಲದೆ ಉಡುಪಿ ಮಲ್ಲಿಗೆ ಹೂ ಕೊಡುವುದಿಲ್ಲ. ಕೊಟ್ಟರೂ ತಾರಸಿಯ ಚಟ್ಟಿಯಲ್ಲಿ ಒಂದು ಮಳೆಗಾಲವನ್ನು ದಾಟುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಈಗ ನಮ್ಮ ತಾರಸಿಯ ಮೇಲೆ ಅರುವತ್ತರ ಆಸುಪಾಸಿನಲ್ಲಿ ಚಟ್ಟಿಗಳಿದ್ದು, ಅವುಗಳಲ್ಲಿ ಹೆಚ್ಚಿನವು ಮೂರಕ್ಕಿಂತ ಹೆಚ್ಚು ಮಳೆಗಾಲಗಳನ್ನು ಕಂಡಿವೆ. ನೆಲಗಡಲೆ ಹಿಂಡಿಯನ್ನು ನಾನು ಮುಟ್ಟುವುದನ್ನು ಬಿಟ್ಟು ಬಹಳ ಕಾಲವಾಯಿತು. ಮೊದಲು ನಕ್ಕವರಲ್ಲಿ ಇಬ್ಬರು ಕಳೆದ ವರ್ಷ ನಮ್ಮಲ್ಲಿಂದಲೇ ಎರೆಹುಳು ಒಯ್ದಿದ್ದಾರೆ ಎಂಬುದನ್ನು ಇಲ್ಲಿ ಹೇಳದೆ ಬಿಡಲು ಮನಸ್ಸು ಒಪ್ಪುವುದಿಲ್ಲ.

ಹಿರಿಯರ ಮಾತು ನೆಲದ ಗಿಡಕ್ಕೆ ಸರಿಯೇ. ನೆಲಗಡಲೆ ಹಿಂಡಿಯಲ್ಲಿ ಶೇಕಡಾ 7ರಷ್ಟು ಸಾರಜನಕವಿರುತ್ತದೆ. ಎರೆಗೊಬ್ಬರದಲ್ಲಿ ಒಂದೂವರೆಯಷ್ಟಿದ್ದರೆ ಅದು ಒಳ್ಳೆಯ ಗೊಬ್ಬರ. ಲೆಕ್ಕದಲ್ಲಿ ಹಿಂಡಿಯೇ ಗೆಲ್ಲುತ್ತದೆ. ಆದರೆ ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಬೀಳುತ್ತದೆ. ಇಪ್ಪತ್ತು ಲೀಟರಿನ ಚಟ್ಟಿಯಲ್ಲಿ ಹಾಕಿದ ಹಿಂಡಿಯ ಸಾರವು ಜಡಿಮಳೆಗೆ ತಳದ ತೂತಿನಿಂದ ಇಳಿದುಹೋಗುತ್ತದೆ. ಮಳೆ ನಾಲ್ಕು ದಿನ ಬಿಡುವು ಕೊಟ್ಟರೆ ಉಳಿದದ್ದು ಕೊಳೆತು, ಬೂಸಲು ಹಿಡಿದು, ಬೇರಿನ ಬಳಿ ಬಿಸಿಯೇರಿ ಹುಳ ಬೀಳುತ್ತದೆ. ಆದುದರಿಂದ ಚಟ್ಟಿಯವರ ಚಿಂತೆ ಎಷ್ಟು ಸಾರ ಹಾಕಿದೆವು ಎಂಬುದಲ್ಲ, ಮಳೆ ತೊಳೆದ ಮೇಲೆ ಎಷ್ಟು ಉಳಿಯಿತು ಎಂಬುದು. ನನ್ನ ಇಡೀ ಪದ್ಧತಿ ಈ ಒಂದು ಅಂಶದ ಮೇಲೆ ನಿಂತಿದೆ.

ಮೊದಲ ವರ್ಷದ ನಷ್ಟವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಎರೆಗೊಬ್ಬರವನ್ನು ದೂರುವವರಲ್ಲಿ ಹೆಚ್ಚಿನವರು ಅಲ್ಲಿಯೇ ನಿಲ್ಲಿಸಿರುತ್ತಾರೆ. ಆಗ ಐವತ್ತು ಕಿಲೊ ಚೀಲಕ್ಕೆ 500 ರೂಪಾಯಿಯ ಹಾಗೆ ಹೊರಗಿನಿಂದ ಗೊಬ್ಬರ ತರಿಸಿದ್ದೆ. ಚೀಲ ಬಿಚ್ಚಿ ಬಕೆಟ್ ನೀರಿನಲ್ಲಿ ಕದಡಿದಾಗ ತಳದಲ್ಲಿ ನಿಂತ ಮರಳು ಕಾಲುಭಾಗಕ್ಕಿಂತ ಕಡಿಮೆ ಇರಲಿಲ್ಲ. ಮೇಲೆ ತೇಲಿದ್ದು ಅರೆಕಳಿತ ಸೆಗಣಿ. ಅದನ್ನೇ ಮಣ್ಣಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ಚಟ್ಟಿ ತುಂಬಿದ್ದಾಗಿತ್ತು. ಜುಲೈ ನಡುವಿಗೆ ಮಿಶ್ರಣವೆಲ್ಲ ಕೆಸರಾಗಿ ಕುಳಿತು, ಎಲೆ ಹಳದಿಯಾಗಿ ಉದುರಿ, ಕಿತ್ತು ನೋಡಿದರೆ ಬೇರುಗಳು ಕಪ್ಪಾಗಿದ್ದವು. ಗಿಡಗಳಲ್ಲಿ ಮೂರನೆಯ ಒಂದು ಪಾಲು ಹೋಯಿತು. ಬೇರು ಬಂದ ಗಿಡಕ್ಕೆ ನಲವತ್ತು ರೂಪಾಯಿಯಂತೆ, ಗ್ರೋಬ್ಯಾಗು, ಗೊಬ್ಬರ, ಸಾಗಾಟ ಎಲ್ಲ ಸೇರಿ ಒಂಬತ್ತು ಹತ್ತು ಸಾವಿರ ರೂಪಾಯಿ ನೀರಿನಲ್ಲಿ ಹೋಯಿತೆಂದು ನನ್ನ ನೆನಪು.

ಅಂದಿನಿಂದ ಯಾವ ಗೊಬ್ಬರವನ್ನೂ ಹೆಸರುಕಾಳಿನ ಪರೀಕ್ಷೆ ಇಲ್ಲದೆ ಮುಟ್ಟಿಲ್ಲ. ಒಂದು ತಟ್ಟೆಯಲ್ಲಿ ಬರೀ ಗೊಬ್ಬರ, ಇನ್ನೊಂದರಲ್ಲಿ ತೊಳೆದ ಮರಳು, ಎರಡರಲ್ಲೂ ಇಪ್ಪತ್ತೈದು ನೆನೆಸಿದ ಕಾಳು. ಗೊಬ್ಬರದ ತಟ್ಟೆಯ ಮೊಳಕೆಯ ಬೇರು ಮೊಂಡಾಗಿ ಕಂದಿದರೆ ಗೊಬ್ಬರ ಇನ್ನೂ ಹಸಿಯಾಗಿದೆಯೆಂದು ಅರ್ಥ; ಅಂಥದ್ದನ್ನು ಮತ್ತೆ ಹುಳಕ್ಕೆ ಕೊಡಬೇಕು, ಗಿಡಕ್ಕಲ್ಲ.

ಸ್ವಂತಕ್ಕೆ ಹುಳ ಸಾಕಲು ಹೊರಟಾಗ ಹಣ ಹೆಚ್ಚು ಹೋಗಲಿಲ್ಲ, ತಾಳ್ಮೆ ಹೋಯಿತು. ಹಲಸಿನ ಮರದ ಅಡಿಯಲ್ಲಿ ನಾಲ್ಕಡಿ ಅಗಲದ ಎರಡು ಸಿಮೆಂಟು ರಿಂಗು ಇಳಿಸಿ, ಮೊದಲು ಬಿಟ್ಟದ್ದು ಐಸೀನಿಯಾ ಫೆಟಿಡಾ ಎಂಬ ಕೆಂಪು ಹುಳ. ಘಟ್ಟದ ಮೇಲಿನ ತಂಪಿಗೆ ಹೇಳಿದ ಆ ಜಾತಿ ನಮ್ಮ ಏಪ್ರಿಲ್‌ನ ಸೆಕೆಯಲ್ಲಿ ರಿಂಗಿನ ಗೋಡೆ ಹತ್ತಿ ಹೊರಬಂದು ಸತ್ತಿತು. ಅನಂತರ ಆಫ್ರಿಕಾದ ಮೂಲದ ಯೂಡ್ರಿಲಸ್ ಯೂಜೀನಿಯೆ ತಂದೆ. ಅದು ಸೆಕೆಗೆ ಒಗ್ಗುತ್ತದೆ, ತಿನ್ನುವುದರಲ್ಲಿಯೂ ಮುಂದು. ಕೆಂಪಿರುವೆಯ ಕಾಟಕ್ಕೆ ರಿಂಗಿನ ಸುತ್ತ ನಾಲ್ಕು ಬೆರಳಗಲದ ನೀರಿನ ಕಾಲುವೆ ಕಟ್ಟಿಸಿದೆ, ಹೆಗ್ಗಣ ಮತ್ತು ಕೆಂಬೂತಕ್ಕೆ ಮೇಲೆ ಕಬ್ಬಿಣದ ಬಲೆ ಹಾಕಿಸಿದೆ. ಹಲಸಿನ ಕಾಲದಲ್ಲಿ ಸಿಗುವ ಸಿಪ್ಪೆ, ರೆಚ್ಚೆಗಳನ್ನು ನೇರವಾಗಿ ರಿಂಗಿಗೆ ಸುರಿಯಬಾರದು. ಅದು ಹುಳಿತು ಕಾವೇರುವ ವೇಗಕ್ಕೆ ಹುಳ ತಡೆಯಲಾರದು. ಸೆಗಣಿ, ಕತ್ತರಿಸಿದ ಬಾಳೆದಿಂಡು, ಅಡಿಕೆ ಹಾಳೆಯ ಚೂರು, ತರಗೆಲೆ, ಇವನ್ನು ಮೂರು ವಾರ ಹೊರಗೆ ಕಳಿಸಿ, ಕಾವಿಳಿದ ಮೇಲೆ ಕೊಟ್ಟರೆ ಎರಡು ತಿಂಗಳಿಗೆ ಒಂದು ರಿಂಗಿನಿಂದ ಜರಡಿ ಹಿಡಿದ ನೂರು ಕಿಲೊ ಗೊಬ್ಬರಕ್ಕೆ ಮೋಸವಿಲ್ಲ. ನೀರು ಬಿಡುವುದನ್ನು ಜರಡಿಗೆ ಹತ್ತು ದಿನ ಮೊದಲೇ ನಿಲ್ಲಿಸಿ. ಹುಳ ತಾನಾಗಿ ಕೆಳಗಿಳಿಯುತ್ತದೆ.

ಎರೆಗೊಬ್ಬರದಷ್ಟೇ ಮುಖ್ಯವಾದದ್ದು ಕಾಂಪೋಸ್ಟು. ಚಟ್ಟಿಯ ಮಿಶ್ರಣಕ್ಕೆ ಉರುಟುತನ, ಗಾಳಿಯಾಡುವ ಸಂದು ಕೊಡುವುದು ಅದೇ. ಮಾರ್ಚ್, ಏಪ್ರಿಲ್‌ನಲ್ಲಿ ಗುಡಿಸಿದ ತರಗೆಲೆಯನ್ನು ಗೋಣಿಗಳಲ್ಲಿ ತುಂಬಿ ಒಣಜಾಗದಲ್ಲಿ ಇಟ್ಟುಕೊಂಡವನಿಗೆ ಮಾತ್ರ ಮಳೆಗಾಲದಲ್ಲಿ ಒಳ್ಳೆಯ ಕಾಂಪೋಸ್ಟು ಸಿಗುತ್ತದೆ. ಹಸಿ ಸೊಪ್ಪು ಜೂನ್‌ನಲ್ಲಿ ಎಲ್ಲೆಂದರಲ್ಲಿ ಇದೆ, ಒಣಗಿದ್ದು ಇರುವುದಿಲ್ಲ. ಗ್ಲಿರಿಸಿಡಿಯಾ ಸೊಪ್ಪು ಒಂದು ಪಾಲಿಗೆ ತರಗೆಲೆ ಎರಡು ಪಾಲು, ನಡುವೆ ಸೆಗಣಿ ಬಗ್ಗಡ, ಮೂರಡಿ ಉದ್ದ, ಅಗಲ, ಎತ್ತರದ ರಾಶಿ. ಮೂರನೆಯ ದಿನ ಒಳಗೆ ತುರುಕಿದ ಕಬ್ಬಿಣದ ಸರಳನ್ನು ಕೈಯಲ್ಲಿ ಹಿಡಿಯಲಾಗದಷ್ಟು ಕಾವೇರಿದ್ದರೆ ರಾಶಿ ಸರಿಯಾಗಿದೆ. ಕಾವು ಬಾರದ ರಾಶಿಯ ಕಾಂಪೋಸ್ಟಿನಲ್ಲಿ ಕಳೆಯ ಬೀಜವೂ ಬುಡಕೊಳೆಯ ಶಿಲೀಂಧ್ರವೂ ಸಾಯದೆ ಚಟ್ಟಿಗೆ ಬರುತ್ತವೆ.

ನಾನು ನೆಚ್ಚಿಕೊಂಡಿರುವ ಮಿಶ್ರಣದಲ್ಲಿ ಎರೆಗೊಬ್ಬರ ಐದನೆಯ ಒಂದು ಪಾಲು ಮಾತ್ರ. ಕಾಂಪೋಸ್ಟು ಎರಡು ಪಾಲು, ತೊಳೆದ ತೆಂಗಿನನಾರಿನ ಪುಡಿ ಒಂದು, ಮುರಕಲ್ಲಿನ ಕೆಂಪುಮಣ್ಣು ಸುಡುಮಣ್ಣು ಸೇರಿ ಒಂದು. ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆಯದೆ ಹಾಕಿದವರ ಗಿಡಗಳ ಎಲೆಯಂಚು ಸುಟ್ಟದ್ದನ್ನು ನೋಡಿದ್ದೇನೆ, ಅದರಲ್ಲಿ ಉಪ್ಪಿರುತ್ತದೆ. ಇದರ ಜತೆಗೆ ಪ್ರತಿ ಚಟ್ಟಿಗೆ ಒಂದು ಮುಷ್ಟಿ ಇನ್ನೊಂದು ವಸ್ತುವನ್ನು ಸೇರಿಸುತ್ತೇನೆ. ಅದು ಪೇಟೆಯಲ್ಲಿ ದುಡ್ಡಿಗೆ ಸಿಗುವುದಲ್ಲ, ಪ್ರತಿಯೊಬ್ಬರ ಮನೆಯಲ್ಲೂ ಇದೆ. ಅಷ್ಟನ್ನು ಮಾತ್ರ ಹೇಳುತ್ತೇನೆ. ಈ ಮಿಶ್ರಣದ ಇನ್ನೊಂದು ಲಾಭವೆಂದರೆ ಹಗುರ. ಬರೀ ಮಣ್ಣು ತುಂಬಿದ ಇಪ್ಪತ್ತು ಲೀಟರಿನ ಬಕೆಟು ನೆನೆದಾಗ ಮೂವತ್ತು ಕಿಲೊ ದಾಟುತ್ತದೆ, ಇದು ಇಪ್ಪತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಳೆಯ ತಾರಸಿಯವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮಳೆಗಾಲದ ಕ್ರಮ ಹೀಗಿದೆ. ಚಟ್ಟಿಗಳೆಲ್ಲ ಇಟ್ಟಿಗೆಯ ಮೇಲೆ ಇರಬೇಕು, ತಳದ ತೂತಲ್ಲದೆ ಬದಿಯಲ್ಲಿ ಎರಡಂಗುಲ ಮೇಲೆ ನಾಲ್ಕು ತೂತುಗಳಿರಬೇಕು. ಮೇಲ್ಮೈಗೆ ಅಡಿಕೆ ಹಾಳೆಯನ್ನು ವೃತ್ತಾಕಾರವಾಗಿ ಕತ್ತರಿಸಿ, ಬುಡಕ್ಕೆ ಸಂದು ಬಿಟ್ಟು ಹೊದೆಸುತ್ತೇನೆ. ಮಳೆಯ ಹೊಡೆತ ಅದರ ಮೇಲೆ ಬೀಳುತ್ತದೆ, ಗೊಬ್ಬರದ ಮೇಲಲ್ಲ. ಒಮ್ಮೆಗೇ ಕಿಲೊಗಟ್ಟಲೆ ಗೊಬ್ಬರ ಕೊಡುವ ಅಭ್ಯಾಸವನ್ನು ಬಿಟ್ಟು, ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಮಳೆ ಹೊಳವಾದ ಹೊತ್ತು ನೋಡಿ ಹಾಳೆಯೆತ್ತಿ, ಎರಡು ಬೊಗಸೆ ಎರೆಗೊಬ್ಬರವನ್ನು ಅಂಚಿಗೆ ಉದುರಿಸಿ ಮುಚ್ಚುತ್ತೇನೆ. ಆಟಿಯಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳಲ್ಲಿ, ಮದುವೆ ಮುಂಜಿ ಇಲ್ಲ, ಹೂವಿಗೆ ದರವೂ ಇಲ್ಲ. ಆಗ ಗಿಡದಿಂದ ಹೂ ಹಿಂಡುವುದರಲ್ಲಿ ಅರ್ಥವಿಲ್ಲ. ಆ ಹೊತ್ತಿಗೆ ಅರ್ಧದಷ್ಟು ಚಟ್ಟಿಗಳ ಗೆಲ್ಲು ಸವರಿ ಎಲೆ ತೆಗೆದುಬಿಟ್ಟರೆ, ಹೊಸ ಚಿಗುರಿನ ತುದಿಯಲ್ಲಿ ಬರುವ ಮೊಗ್ಗು ಚೌತಿ, ನವರಾತ್ರಿಯ ಹೊತ್ತಿಗೆ ಕಟ್ಟೆಗೆ, ಎಂದರೆ ಹೂ ಕೊಳ್ಳುವ ಕೇಂದ್ರಕ್ಕೆ, ಒದಗುತ್ತದೆ. ಉಳಿದರ್ಧವನ್ನು ಚಳಿಗಾಲದ ಏರುದರಕ್ಕೆ ತಯಾರು ಮಾಡುತ್ತೇನೆ. ಅದನ್ನು ಯಾವ ವಾರ, ಎಷ್ಟು ಗೆಣ್ಣಿಗೆ ಕತ್ತರಿಸಬೇಕೆಂಬುದು ಹಲವು ವರ್ಷ ಹಾಳೆಯಲ್ಲಿ ಬರೆದಿಟ್ಟು ಕಂಡುಕೊಂಡದ್ದು, ಅದು ನಮ್ಮ ಮನೆಯ ಹಾಳೆಯಲ್ಲೇ ಇರಲಿ.

ಸೊಪ್ಪು ಹೆಚ್ಚಾಗಿ ಮೊಗ್ಗು ಕಡಿಮೆಯಾಗುವ ದೂರು ಪೂರ್ತಿ ಸುಳ್ಳಲ್ಲ, ಆದರೆ ಅಪರಾಧಿ ಎರೆಗೊಬ್ಬರವಲ್ಲ. ಅದನ್ನು ನಾನು ಮೀನಿನಿಂದ ಕಂಡುಕೊಂಡೆ. ಮಲ್ಪೆಯಿಂದ ತಂದ ಮೀನಿನ ತ್ಯಾಜ್ಯಕ್ಕೆ ಸಮತೂಕದ ಬೆಲ್ಲ ಬೆರೆಸಿ, ಮುಚ್ಚಿದ ಡ್ರಮ್ಮಿನಲ್ಲಿ ತಿಂಗಳಿಟ್ಟು, ಸೋಸಿ, ತೆಳುವಾಗಿಸಿ ಹತ್ತು ಹನ್ನೆರಡು ಚಟ್ಟಿಗೆ ವಾರವಾರ ಎರೆದೆ. ಎಲೆ ಅಂಗೈಯಗಲ ಬಂದು ಕಡುಹಸುರಾಗಿ ಮಿಂಚಿತು, ಬಳ್ಳಿ ಆಳುದ್ದ ಹರಿಯಿತು, ಮೊಗ್ಗು ಮಾತ್ರ ನೆರೆಯ ಚಟ್ಟಿಗಳ ಅರ್ಧವೂ ಇರಲಿಲ್ಲ. ವಾಸನೆಗೆ ಪಕ್ಕದ ಮನೆಯವರು ಮಾತು ಬಿಟ್ಟದ್ದು ಬೇರೆ. ಸಾರಜನಕ ಒಂದೇ ಸಮನೆ ಹರಿದುಬಂದರೆ ಮಲ್ಲಿಗೆ ಹೂ ಮರೆಯುತ್ತದೆ. ಹಿಂಡಿಯ ನೀರನ್ನು ಹುದುಗಿಸಿ ಎರೆಯುವವರ ಚಟ್ಟಿಗಳಲ್ಲಿ ಆಗುವುದೂ ಇದೇ ಇರಬೇಕೆಂದು ನನ್ನ ಗುಮಾನಿ. ಎರೆಹುಳದ ರಿಂಗಿನಿಂದ ಇಳಿಯುವ ನೀರಾದ ಎರೆಜಲವನ್ನೂ ಒಂದು ಸಾಲಿಗೆ ಸಿಂಪಡಿಸಿ, ಇನ್ನೊಂದು ಸಾಲಿಗೆ ಬರೀ ಬಾವಿನೀರು ಸಿಂಪಡಿಸಿ ನೋಡಿದ್ದುಂಟು. ಎಲೆಯ ಹೊಳಪಿನಲ್ಲಿ ವ್ಯತ್ಯಾಸ ಕಂಡಿತು, ಚೆಂಡಿನ (ಕಟ್ಟಿದ ಹೂವಿನ ಉಂಡೆಯ) ಲೆಕ್ಕದಲ್ಲಿ ಕಾಣಲಿಲ್ಲ. ಹಾಗಾಗಿ ಅದಕ್ಕೆಂದು ಬ್ಯಾರೆಲ್ಲು, ನಲ್ಲಿ ಇತ್ಯಾದಿ ಖರ್ಚು ಮಾಡಬೇಕಿಲ್ಲ.

ಹೊಸ ಸಿಮೆಂಟು ಚಟ್ಟಿಯ ವಿಷಯ ಒಂದಿಷ್ಟು ಹೇಳಬೇಕು. ಎಳೆಯ ಎಲೆಯ ನರ ಹಸುರಾಗಿದ್ದು ನಡುವೆಲ್ಲ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಸಿಮೆಂಟಿನ ಸುಣ್ಣದಂಶ ಮಿಶ್ರಣಕ್ಕಿಳಿದು ಗಿಡಕ್ಕೆ ಕಬ್ಬಿಣ ಸಿಗದಂತೆ ಮಾಡುತ್ತದೆ. ತುಕ್ಕಿನ ಮೊಳೆ ಹುಗಿಯುವ ಉಪಾಯದಿಂದ ನನಗೆ ಏನೂ ಫಲ ಕಂಡಿಲ್ಲ. ಚಟ್ಟಿಯನ್ನು ಹದಿನೈದು ದಿನ ನೀರು ಬದಲಿಸುತ್ತ ನೆನೆಸಿಟ್ಟು, ಬೂದಿ ಹಾಕುವುದನ್ನು ನಿಲ್ಲಿಸಿ, ಮೇಲ್ಮೈಗೆ ಎರೆಗೊಬ್ಬರ ಕೊಟ್ಟ ಮೇಲೆ ಬಂದ ಚಿಗುರು ಹಸುರಾಗಿತ್ತು.

ಕೀಟಗಳಲ್ಲಿ ಹೂನೊಣವೇ ದೊಡ್ಡ ಶತ್ರು. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಬುಡ ಊದಿಕೊಂಡರೆ ಒಳಗೆ ಅದರ ಮರಿಹುಳವಿರುತ್ತದೆ. ಅದು ಕೋಶಾವಸ್ಥೆಗೆ ಮಣ್ಣಿಗಿಳಿಯುವುದರಿಂದ, ಕೆಟ್ಟ ಮೊಗ್ಗುಗಳನ್ನು ಕೊಯ್ಲಿನ ಜತೆಯಲ್ಲೇ ಕಿತ್ತು ಸೋಪುನೀರಿಗೆ ಹಾಕಿ, ಚಟ್ಟಿಯ ಮೇಲ್ಮೈಗೆ ಬೇವಿನ ಹಿಂಡಿ ಉದುರಿಸಿ ಕೆದಕುತ್ತೇನೆ. ಇದು ದಿನನಿತ್ಯದ ಕೆಲಸ, ಒಂದು ವಾರ ಬಿಟ್ಟರೆ ಬೆಳೆ ಹೋಯಿತು. ಮೊಗ್ಗು ಕೊರೆಯುವ ಹುಳಕ್ಕೆ ಬೇವಿನೆಣ್ಣೆ ಸಾಕು. ಜೇಡನುಸಿ ಬಂದರೆ ಎಲೆಯ ಅಡಿಗೆ ಪೈಪಿನ ನೀರು ರಭಸವಾಗಿ ಬಿಡುವುದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಮಿಶ್ರಣವನ್ನು ಮೂರು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ತೆಗೆದ ಹಳೆಯದಕ್ಕೆ ಒಂದಿಷ್ಟು ಹೊಸ ಕಾಂಪೋಸ್ಟು ಸೇರಿಸಿ, ಉಡುಪಿ ಬಳಿಯ ಮಟ್ಟು ಊರಿನ ಬದನೆಯಾದ ಮಟ್ಟುಗುಳ್ಳ ನೆಟ್ಟು ನೋಡಿದೆ. ಗಿಡ ಚೆನ್ನಾಗಿ ಬಂತು, ಕಾಯಿಯೂ ಆಯಿತು. ಆದರೆ ಮಟ್ಟಿನ ಗದ್ದೆಯ ಗುಳ್ಳದ ರುಚಿ ಇರಲಿಲ್ಲ, ಸಿಪ್ಪೆ ದಪ್ಪವಾಗಿತ್ತು. ಆ ಹೆಸರು 2011ರಲ್ಲಿ ಆ ಊರಿಗೇ ಭೌಗೋಳಿಕ ಸೂಚಿಕೆಯಾಗಿ ಸಂದದ್ದು ನ್ಯಾಯವೆಂದು ನಮ್ಮ ಮನೆಯ ಸಾಂಬಾರು ಒಪ್ಪಿಕೊಂಡಿತು. ಈಗ ಆ ಮಣ್ಣಿನಲ್ಲಿ ಹರಿವೆ ಹಾಕುತ್ತೇವೆ.

ಲೆಕ್ಕವನ್ನು ನೆನಪಿನಿಂದಲೇ ಹೇಳುತ್ತೇನೆ. ಒಂದು ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ ಮೂರು ಚೆಂಡು ಸಿಗುತ್ತದೆ, ಚಳಿಯಲ್ಲಿ ಅರ್ಧ ಚೆಂಡಿಗೆ ಇಳಿಯುತ್ತದೆ. ಆದರೆ ಅಟ್ಟೆಗೆ 2,100 ರೂಪಾಯಿ ಮುಟ್ಟುವ ದಿನದ ಅರ್ಧ ಚೆಂಡೆಂದರೆ, ದರ ಕೆಲವೇ ನೂರಕ್ಕೆ ಕುಸಿದ ದಿನದ ಮೂರು ಚೆಂಡಿಗೆ ಸಮ. ಹೂವಿನ ರಾಶಿ ಹೆಚ್ಚಿಸುವ ಬದಲು ಗೆಲ್ಲು ಸವರುವ ಕಾಲಕ್ಕೆ ತಲೆ ಕೊಟ್ಟದ್ದು ಇದಕ್ಕಾಗಿಯೇ. ಕಳೆದ ವರ್ಷದ ಒಟ್ಟು ಎಪ್ಪತ್ತೈದು ಸಾವಿರದ ಮೇಲಾಯಿತು. ಬೇವಿನ ಹಿಂಡಿ, ನಾರಿನ ಪುಡಿ, ಸೆಗಣಿ, ಹೊಸ ಚಟ್ಟಿ, ಬಾಳೆನಾರು ಎಲ್ಲ ಸೇರಿ ಖರ್ಚು ಹದಿನೈದು ಸಾವಿರದೊಳಗಿತ್ತು. ಬೆಳಗ್ಗೆ ಕೊಯ್ದು, ಕಟ್ಟಿ, ಕಟ್ಟೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಮನೆಯವರ ದುಡಿಮೆಗೆ ಕೂಲಿ ಹಾಕಿಲ್ಲ. ಹೂ ಕಟ್ಟಲು ಹೊರಗಿನವರನ್ನೇ ನೆಚ್ಚಿಕೊಂಡವರು ಈ ಲಾಭದಲ್ಲಿ ಮೂರನೆಯ ಒಂದು ಪಾಲನ್ನು ಮೊದಲೇ ಕಳೆದು, ಆಮೇಲೆ ಎಷ್ಟು ಚಟ್ಟಿ ಇಡಬೇಕೆಂದು ತೀರ್ಮಾನಿಸಲಿ.