ಒಲೆ ಉರಿಯುತ್ತಲೇ ಇದೆ, ಬಿಸಿ ಮಾತ್ರ ಏರುತ್ತಿಲ್ಲ!

ಐಸ್ ತುಂಬಿದ ಪಾತ್ರೆಯನ್ನು ಒಲೆಯ ಮೇಲಿಟ್ಟು, ಥರ್ಮಾಮೀಟರ್ ಅದ್ದಿ ನೋಡಿ. ಸೊನ್ನೆ ಡಿಗ್ರಿ. ಒಂದು ನಿಮಿಷ ಬಿಟ್ಟು ನೋಡಿ, ಸೊನ್ನೆ. ಎರಡು ನಿಮಿಷ ಆದ ಮೇಲೂ ಅಷ್ಟೇ. ಮೊದಲ ಸಲ ಇದನ್ನು ಮಾಡಿದಾಗ ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡು ಹೊರಗೆ ತೆಗೆದು ಒದರಿದ್ದೆ. ಪಾಪ, ಅದು ಸರಿಯಾಗಿಯೇ ಇತ್ತು. ಹಾಗಾದರೆ ಒಲೆ ಕೊಟ್ಟ ಶಾಖ ಎಲ್ಲಿಗೆ ಹೋಯಿತು? ಒಂದು ಗಂಟೆ ಬಿಡುವಿದ್ದರೆ ಮನೆಯಲ್ಲೇ ಪತ್ತೆ ಮಾಡಬಹುದು.

ಬೇಕಾಗುವುದು ಇಷ್ಟು: 200 ಗ್ರಾಂ ಐಸ್, ದಪ್ಪ ತಳದ ಸಣ್ಣ ಪಾತ್ರೆ, ಕಲಕಲು ಚಮಚ, ಗಡಿಯಾರ, ಕಾಗದ, ಪೆನ್ನು, ಸ್ಟೀಲ್ ತಟ್ಟೆ, ಇಕ್ಕಳ. ಜೊತೆಗೆ 110 ಡಿಗ್ರಿ ಸೆಲ್ಸಿಯಸ್‌ವರೆಗೆ ತೋರಿಸುವ ಥರ್ಮಾಮೀಟರ್. ಜ್ವರ ನೋಡುವ ಥರ್ಮಾಮೀಟರ್ ಖಂಡಿತ ಬೇಡ. ಅದರ ಅಳತೆ 42ರ ಆಸುಪಾಸಿಗೇ ಮುಗಿಯುತ್ತದೆ, ಕುದಿಯುವ ನೀರಿಗೆ ಹಾಕಿದರೆ ಒಡೆದೇ ಹೋದೀತು. ಮಕ್ಕಳು ಮಾಡುವುದಾದರೆ ದೊಡ್ಡವರು ಪಕ್ಕದಲ್ಲೇ ಇರಲಿ.

ಮೊದಲು ಐಸನ್ನು ಬಟ್ಟೆಯಲ್ಲಿ ಸುತ್ತಿ ಸಣ್ಣಗೆ ಕುಟ್ಟಿಕೊಳ್ಳಿ. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಪಾತ್ರೆಗೆ ಹಾಕಿ, ತಳದಲ್ಲಿ ಸ್ವಲ್ಪ ನೀರು ಕಾಣುವ ತನಕ ಸುಮ್ನೆ ಬಿಡಿ.

ಈಗ ಸಣ್ಣ ಉರಿಯಲ್ಲಿ ಒಲೆ ಹಚ್ಚಿ. ಹಚ್ಚಿದ ಮೇಲೆ ಉರಿಯನ್ನು ಜಾಸ್ತಿಯನ್ನೂ ಮಾಡಬೇಡಿ, ಕಡಿಮೆಯನ್ನೂ ಮಾಡಬೇಡಿ. ಇಡೀ ಪ್ರಯೋಗ ನಿಂತಿರುವುದೇ ಇದರ ಮೇಲೆ. ಉರಿ ಒಂದೇ ಸಮ ಇದ್ದರೆ ನಿಮಿಷಕ್ಕೆ ಇಷ್ಟು ಅಂತ ಶಾಖ ಹೋಗುತ್ತಿರುತ್ತದೆ. ಆಗ ಎಷ್ಟು ಶಾಖ ಒಳಗೆ ಹೋಯಿತು ಎಂಬುದನ್ನು ಗಡಿಯಾರವೇ ಹೇಳುತ್ತದೆ.

ಕೈಬಿಡದೆ ಕಲಕುತ್ತಾ ಅರ್ಧ ಅರ್ಧ ನಿಮಿಷಕ್ಕೆ ಎಷ್ಟು ಡಿಗ್ರಿ ಎಂದು ಬರೆದುಕೊಳ್ಳಿ. ಥರ್ಮಾಮೀಟರಿನ ತುದಿ ಪಾತ್ರೆಯ ತಳಕ್ಕೆ ತಾಗಬಾರದು. ಕಲಕದಿದ್ದರೆ ತಳದ ನೀರು ಮಾತ್ರ ಬೆಚ್ಚಗಾಗಿ ಲೆಕ್ಕ ತಪ್ಪುತ್ತದೆ.

ಐಸಿನ ಕೊನೆಯ ಚೂರು ಕರಗುವವರೆಗೂ ಕಾಗದದ ತುಂಬಾ ಸೊನ್ನೆ, ಹೆಚ್ಚೆಂದರೆ ಒಂದು. ಐಸಿನಲ್ಲಿ ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಂಡು, ನಿಂತಲ್ಲೇ ಅದುರುತ್ತಿರುತ್ತವೆ. ಒಳಗೆ ಹೋದ ಶಾಖವೆಲ್ಲ ಆ ಹಿಡಿತ ಬಿಡಿಸುವುದಕ್ಕೇ ಖರ್ಚಾಗುತ್ತದೆ. ಅಣುಗಳ ಓಡಾಟ ಜೋರಾದರೆ ತಾನೇ ಥರ್ಮಾಮೀಟರ್ ಏರುವುದು? ಒಂದು ಗ್ರಾಂ ಐಸ್ ಕರಗಲು 334 ಜೂಲ್ (ಶಾಖವನ್ನು ಅಳೆಯುವ ಮಾನ) ಬೇಕು. ಹೀಗೆ ಥರ್ಮಾಮೀಟರಿಗೆ ಸಿಗದೆ ಅಡಗುವ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು.

ಇದನ್ನು ಮೊದಲು ಸರಿಯಾಗಿ ಅಳೆದವರು ವಿಜ್ಞಾನಿ ಜೋಸೆಫ್ ಬ್ಲ್ಯಾಕ್. 1760ರ ದಶಕದ ಆರಂಭದಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಒಲೆಯನ್ನೂ ಹಚ್ಚಲಿಲ್ಲ ಆ ಮನುಷ್ಯ. ಒಂದೇ ಥರದ ಎರಡು ಗಾಜಿನ ಪಾತ್ರೆಗಳನ್ನು ಕೋಣೆಯಲ್ಲಿಟ್ಟರು. ಒಂದರಲ್ಲಿ ಐಸ್, ಇನ್ನೊಂದರಲ್ಲಿ ಹೆಚ್ಚುಕಮ್ಮಿ ಅಷ್ಟೇ ತಣ್ಣಗಿದ್ದ ನೀರು. ನೀರು ಅರ್ಧ ಗಂಟೆಯಲ್ಲಿ ಎಷ್ಟು ಬೆಚ್ಚಗಾಯಿತೋ ಅಷ್ಟಾಗಲು ಐಸಿಗೆ ಹತ್ತೂವರೆ ಗಂಟೆ ಹಿಡಿಯಿತು!

ನಿಮ್ಮ ಪಾತ್ರೆಗೆ ಬರೋಣ. ಐಸ್ ಮುಗಿದ ಕೂಡಲೇ ಥರ್ಮಾಮೀಟರ್ ಸರಸರನೆ ಏರತೊಡಗುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.18 ಜೂಲ್ ಸಾಕು. 100ರ ಹತ್ತಿರ ನೀರು ಕುದಿದು, ಅಳತೆ ಮತ್ತೆ ನಿಂತುಬಿಡುತ್ತದೆ. ಎತ್ತರದ ಊರಾದರೆ 97ಕ್ಕೋ 98ಕ್ಕೋ ನಿಂತೀತು, ಅದು ತಪ್ಪಲ್ಲ. ಅಲ್ಲಿ ಗಾಳಿಯ ಒತ್ತಡ ಕಡಿಮೆ.

ಈ ಸಲ ನಿಲ್ಲುವುದು ತುಂಬಾ ಹೊತ್ತು. ಅಣುಗಳು ಒಂದನ್ನೊಂದು ಪೂರ್ತಿ ಬಿಟ್ಟು ಹಾರಿಹೋಗಬೇಕಲ್ವಾ? ಅದಕ್ಕೆ ಗ್ರಾಮಿಗೆ ಸುಮಾರು 2260 ಜೂಲ್ ಬೇಕು. ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ, ಐಸ್ ಕರಗಲು 4 ನಿಮಿಷ ಹಿಡಿದರೆ ಸೊನ್ನೆಯಿಂದ ನೂರಕ್ಕೆ ಏರಲು 5 ನಿಮಿಷ, ಎಲ್ಲ ನೀರೂ ಆವಿಯಾಗಲು 27 ನಿಮಿಷ! ನಿಮ್ಮ ಕಾಗದದಲ್ಲಿ ಇದೇ ಅಂಕಿ ಬರುವುದಿಲ್ಲ. ಸುತ್ತಲಿನ ಗಾಳಿಯೂ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಕೊನೆಯ ತನಕ ಕಾಯಲೂ ಬೇಡಿ, ಪಾತ್ರೆ ಸುಟ್ಟೀತು. ಐದಾರು ನಿಮಿಷ ಕುದಿದರೆ ವಿಷಯ ಗೊತ್ತಾಗುತ್ತದೆ.

ಒಲೆ ಆರಿಸುವ ಮೊದಲು ಇನ್ನೊಂದು ಕೆಲಸ ಬಾಕಿ ಇದೆ. ತಣ್ಣಗಿರುವ ಸ್ಟೀಲ್ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಕುದಿಯುವ ನೀರಿನ ಮೇಲೆ ಚಾಚಿ. ತಟ್ಟೆಯ ಅಡಿಯಲ್ಲಿ ಹನಿಗಳು ಮೂಡಿ, ನೋಡನೋಡುತ್ತಲೇ ತಟ್ಟೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಆವಿಯಾಗುವಾಗ ನುಂಗಿದ್ದ 2260 ಜೂಲನ್ನು ಹಬೆ ನೀರಾಗುವಾಗ ಹಾಗೇ ವಾಪಸ್ ಕೊಡುತ್ತದೆ. ಕೈ ಒಡ್ಡಬಾರದು ಅನ್ನುವುದು ಇದಕ್ಕೇ. ಕೈಗೆ ಬಿದ್ದ ಒಂದು ಗ್ರಾಂ ಕುದಿನೀರು ಮೈಯ ಬಿಸಿಗೆ ಇಳಿಯುವಾಗ ಕೊಡುವುದು ಸುಮಾರು 260 ಜೂಲ್. ಅಷ್ಟೇ ತೂಕದ ಹಬೆ ಕೊಡುವುದು 2500ಕ್ಕೂ ಜಾಸ್ತಿ. ಮೇಲೆ ಬೆಳ್ಳಗೆ ಕಾಣುವುದು ಆಗಲೇ ತಣಿದು ಪುಟ್ಟ ಹನಿಗಳಾದ ನೀರು. ನಿಜವಾದ ಹಬೆ ಕಣ್ಣಿಗೇ ಕಾಣುವುದಿಲ್ಲ. ಕೆಟಲ್‌ನ ಮೂತಿಗೂ ಆ ಬಿಳಿ ಮೋಡಕ್ಕೂ ನಡುವೆ ಏನೂ ಇಲ್ಲದಂತೆ ಕಾಣುವ ಒಂದು ಜಾಗ ಇರುತ್ತದಲ್ಲ, ಅದು ಇರುವುದು ಅಲ್ಲಿ.