ಹಾಲು ಸಾಲ್ತಿಲ್ಲ ಅನ್ನುವ ಮೊದಲು ಒಂದು ಸಲ ಕೂತು ನೋಡಿ

ಚಿಂತಾಮಣಿಯ ನಮ್ಮ ತವರಲ್ಲಿ ತಂಗಿಯ ಬಾಣಂತನ ನಡೆಯುತ್ತಿತ್ತು. ನೋಡಲು ಬಂದವರೆಲ್ಲ ಮಗುವನ್ನು ಎತ್ತಿಕೊಂಡು ಹೇಳಿದ್ದು ಒಂದೇ ಮಾತು: "ಯಾಕಮ್ಮಾ ಮಗು ಇಷ್ಟು ಬಡಕಲು? ನಿಂಗೆ ಹಾಲು ಸಾಲ್ತಿಲ್ಲ ಅನ್ಸುತ್ತೆ." ಮೂರನೆಯವರು ಹೇಳುವಷ್ಟರಲ್ಲಿ ತಂಗಿ ನಂಬಿಬಿಟ್ಟಳು. ಸಂಜೆ ಮೆಡಿಕಲ್ ಶಾಪಿನಿಂದ ಪೌಡರ್ ಡಬ್ಬಿ ಬಂತು.

ಡಬ್ಬಿಯ ತೊಂದರೆ ಏನೆಂದರೆ, ಅದರಿಂದ ಹೊಟ್ಟೆ ತುಂಬಿದ ಮಗು ಎದೆ ಚೀಪುವುದು ಕಡಿಮೆ ಮಾಡುತ್ತದೆ. ಚೀಪುವುದು ಕಡಿಮೆಯಾದರೆ ಹಾಲು ಬರುವುದೂ ಕಡಿಮೆಯಾಗುತ್ತದೆ. ಸುಳ್ಳು ಅನುಮಾನ ಹದಿನೈದು ದಿನದಲ್ಲಿ ನಿಜವೇ ಆಗಿಬಿಡುತ್ತದೆ. ಹಾಗಾಗಿ ಮುಚ್ಚಳ ತೆಗೆಯುವ ಮೊದಲು ಕೆಲವನ್ನು ನೋಡಬೇಕು.

ಮೊದಲು ತೂಕ

ಹುಟ್ಟಿದ ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಮಾಮೂಲು. 3 ಕೆ.ಜಿ. ಇದ್ದ ಮಗು 200 ಗ್ರಾಂ ಇಳಿದರೆ ಗಾಬರಿ ಬೇಡ. 300 ಗ್ರಾಂ ಇಳಿದರೆ ಡಾಕ್ಟರಿಗೆ ತೋರಿಸಿ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಅಂದರೆ ವಾರಕ್ಕೆ ಹೆಚ್ಚುಕಡಿಮೆ 150ರಿಂದ 200 ಗ್ರಾಂ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೇ ಬರಬೇಕು, ತೂಕವನ್ನೂ ನೋಡುತ್ತಾರೆ. ಪ್ರತಿ ಸಲ ಅದೇ ತಕ್ಕಡಿ, ತೆಳು ಬಟ್ಟೆ ಇರಲಿ. ನಮ್ಮ ಮನೆಯಲ್ಲಿ ಡಿಸೆಂಬರ್ ಚಳಿ ಅಂತ ಒಂದು ಸಲ ಸ್ವೆಟರ್, ಟೋಪಿ, ಕಾಲುಚೀಲದ ಸಮೇತ ತೂಗಿಸಿದ್ದರು. ಮುಂದಿನ ವಾರ ಬರೀ ಜುಬ್ಬ. "ಮಗು ಇಳಿದುಹೋಯ್ತು" ಅಂತ ಅಮ್ಮ ಅತ್ತರು. ನಾನು ಆ ಉಲ್ಲನ್ ಬಟ್ಟೆಗಳನ್ನೇ ಅಡುಗೆಮನೆ ತಕ್ಕಡಿಗೆ ಹಾಕಿದೆ. 180 ಗ್ರಾಂ! ಒಂದು ವಾರದ ಬೆಳವಣಿಗೆಯನ್ನು ಟೋಪಿ ಸ್ವೆಟರೇ ನುಂಗಿದ್ದವು.

ಆಮೇಲೆ ಒದ್ದೆ ಬಟ್ಟೆ

ಐದು ದಿನ ದಾಟಿದ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು, ಬಣ್ಣ ತಿಳಿಯಾಗಿರಬೇಕು. ಡೈಪರ್ ಹಾಕಿದರೆ ಲೆಕ್ಕ ಸಿಗುವುದಿಲ್ಲ. ಒಂದು ದಿನದ ಮಟ್ಟಿಗೆ ಹಳೇ ಪಂಚೆ ಹರಿದು ಕಟ್ಟಿ ಎಣಿಸಿ. ಮಧ್ಯೆ ನೀರು ಕುಡಿಸಿದ್ದರೆ ಮಾತ್ರ ಈ ಲೆಕ್ಕಕ್ಕೆ ಅರ್ಥವಿಲ್ಲ.

ಪಕ್ಕದಲ್ಲಿ ಕೂತು ಒಂದು ಹೊತ್ತು ನೋಡಿ

ಇದೇ ಮುಖ್ಯ, ಇದನ್ನೇ ಯಾರೂ ಮಾಡುವುದಿಲ್ಲ. ತಂಗಿ ಕುಡಿಸುವಾಗ ಬಗ್ಗಿ ಕೂರುತ್ತಿದ್ದಳು. ಮಗುವಿನ ಮೈ ಮೇಲಕ್ಕೆ, ಕತ್ತು ಪಕ್ಕಕ್ಕೆ. ಬಾಯಲ್ಲಿ ಬರೀ ತೊಟ್ಟು. ಚಪ್ ಚಪ್ ಸದ್ದು, ಕೆನ್ನೆಯಲ್ಲಿ ಗುಳಿ. ಅರ್ಧ ಗಂಟೆ ಎದೆಯಲ್ಲಿದ್ದರೂ ಹೊಟ್ಟೆಗೆ ಹೋಗುತ್ತಿದ್ದದ್ದು ಅಷ್ಟಕ್ಕಷ್ಟೇ.

ಸರಿ ಮಾಡಿದ್ದು ಹೀಗೆ. ಬೆನ್ನಿಗೆ ದಿಂಬು ಕೊಟ್ಟು ಗೋಡೆಗೆ ಒರಗಿಸಿದೆವು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ಪೂರ್ತಿ ಅವಳ ಕಡೆ ತಿರುಗಿಸಿದೆವು. ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಬೇಕು. ಮೂಗು ತೊಟ್ಟಿನ ಎದುರಿಗೆ. ತೊಟ್ಟಿನಿಂದ ಮೇಲ್ತುಟಿ ಸವರಿ ಕಾಯಬೇಕು, ಆಕಳಿಸುವಷ್ಟು ಬಾಯಿ ಬಿಡುವ ತನಕ. ಬಿಟ್ಟ ತಕ್ಷಣ ಮಗುವನ್ನು ಎದೆಗೆ ತನ್ನಿ. ಎದೆಯನ್ನು ಮಗುವಿನ ಬಾಯಿಗೆ ತುರುಕುವುದಲ್ಲ, ತಲೆಯನ್ನು ಹಿಂದಿನಿಂದ ಒತ್ತುವುದೂ ಅಲ್ಲ.

ಸರಿಯಾಗಿ ಹಿಡಿದರೆ ಗದ್ದ ಎದೆಗೆ ಅಂಟಿರುತ್ತದೆ, ಕೆಳತುಟಿ ಹೊರಗೆ ಮಡಚಿರುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲೆ ಜಾಸ್ತಿ, ಕೆಳಗೆ ಕಡಿಮೆ ಕಾಣುತ್ತದೆ. ಮೊದಲು ಬಿರಬಿರನೆ ಚೀಪಿ, ಆಮೇಲೆ ನಿಧಾನವಾಗಿ ಗುಟುಕ್ ಗುಟುಕ್ ಅಂತ ನುಂಗುತ್ತದೆ. ಆ ಗುಟುಕಿನ ಸದ್ದು ಕೇಳಿದ ದಿನ ತಂಗಿಯ ಮುಖ ನೋಡಬೇಕಿತ್ತು. ಕುಡಿಸುವಾಗ ತೊಟ್ಟಿನ ನೋವು ನಿಲ್ಲದೇ ಇದ್ದರೆ ಹಿಡಿತ ತಪ್ಪಿದೆ ಅಂತಲೇ ಲೆಕ್ಕ. ಬಾಯಿಯ ಅಂಚಿನಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ಒಂದು ಕಡೆ ಮಗು ತಾನಾಗೇ ಬಿಡುವವರೆಗೆ ಕುಡಿಯಲಿ, ಗಡಿಯಾರ ನೋಡಿ ಬದಲಿಸಬೇಡಿ. ಎದೆ ಬರಿದಾಗುತ್ತಾ ಬಂದ ಹಾಗೆ ಹಾಲಿನಲ್ಲಿ ಕೊಬ್ಬು ಜಾಸ್ತಿಯಾಗುತ್ತದೆ, ತೂಕ ಕೊಡುವುದು ಅದು. ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಬೇಕು. ಮೊದಮೊದಲು ಮೂರು ಗಂಟೆ ದಾಟಿಯೂ ಮಲಗಿದ್ದರೆ ಹೊದಿಕೆ ಬಿಚ್ಚಿ, ಅಂಗಾಲು ಸವರಿ ಎಬ್ಬಿಸಿ.

ಬಾಣಂತಿಗೆ ನೀರು, ಮಗುವಿಗೆ ಬೇಡ

ನಮ್ಮ ಕಡೆ ಇದು ಉಲ್ಟಾ ನಡೆಯುತ್ತದೆ. ಶೀತ ಆಗುತ್ತೆ ಅಂತ ಬಾಣಂತಿಗೆ ಲೋಟ ಲೆಕ್ಕದಲ್ಲಿ ನೀರು, ಮಗುವಿಗೆ ಮಾತ್ರ ಸಕ್ಕರೆ ನೀರು, ಗ್ರೈಪ್ ವಾಟರ್, ಬಜೆ, ಜೇನು. ಬಾಣಂತಿ ಬಾಯಾರಿದಷ್ಟು ಕುಡಿಯಲಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಿನ್ನಲಿ, ಒಳ್ಳೆಯದೇ. ಆದರೆ ಹಾಲು ಹೆಚ್ಚಿಸುವುದು ಮಗು ಚೀಪುವುದೇ. ಹೆರಿಗೆಯಾದ ಆರು ತಿಂಗಳವರೆಗೆ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇದೆ, ಸಂಕೋಚ ಬೇಡ. ಮಗುವಿಗೆ ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಏನೂ ಬೇಡ, ಏಪ್ರಿಲ್ ಬಿಸಿಲಲ್ಲೂ ನೀರು ಬೇಡ. ಜೇನಂತೂ ವರ್ಷ ತುಂಬುವವರೆಗೆ ಬೇಡ. "ನಾವೆಲ್ಲ ಬಜೆ ನೆಕ್ಕಿ ಬೆಳೆದಿಲ್ವಾ?" ಅಂತ ಅಮ್ಮ ಈಗಲೂ ಕೇಳುತ್ತಾರೆ. ನಾನು ಸುಮ್ನೆ ಬಜೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ.

ಇಷ್ಟು ಮಾಡಿಯೂ ತೂಕ ಏರುತ್ತಿಲ್ಲವಾ? ಕುಡಿಸಿದ ಮೇಲೆ ಉಳಿದ ಹಾಲನ್ನು ಕೈಯಿಂದ ಹಿಂಡಿ, ಕುದಿಸಿ ತೊಳೆದ ಒಳಲೆಯಲ್ಲಿ (ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಕೊಡಿ. ಬಾಟಲಿಗಿಂತ ಒಳಲೆಯೇ ವಾಸಿ. ಹಿಂಡಿದ ಹಾಲನ್ನು ಹೊರಗೆ ನಾಲ್ಕು ಗಂಟೆಗಿಂತ ಜಾಸ್ತಿ ಇಡಬೇಡಿ. ಪೌಡರ್ ಬೇಕೇಬೇಕು ಅಂತ ಡಾಕ್ಟರ್ ಹೇಳಿದರೆ ಕೊಡಿ, ಅದರಲ್ಲಿ ಸೋಲೇನಿಲ್ಲ. ಉಳಿತಾಯ ಅಂತ ನೀರು ಮಾತ್ರ ಜಾಸ್ತಿ ಮಾಡಬೇಡಿ.

ಕೆಲವಕ್ಕೆ ಕಾಯಬಾರದು. ಮಗು ಕುಡಿಯುವುದನ್ನೇ ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ನೆತ್ತಿ ಗುಂಡಿ ಬಿದ್ದರೆ, ಅಂಗೈ ಅಂಗಾಲು ಹಳದಿಯಾದರೆ ರಾತ್ರಿಯಾದರೂ ಹೊರಡಿ. ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಅಥವಾ ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಮೇಲಿನ ಪ್ರಯೋಗಕ್ಕೆಲ್ಲ ವಾರಗಟ್ಟಲೆ ಕಳೆಯಬೇಡಿ, ಮೊದಲೇ ಡಾಕ್ಟರನ್ನು ಕೇಳಿ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ, ತೂಕ ಬರೆದಿರುವುದು ಅದರಲ್ಲೇ.